ಸೋಪಿನ ಡಬ್ಬಿಯೊಳಗಿನ ಕಿವಿ

ಮಾಲೂರಿನ ನಮ್ಮ ಕಚೇರಿಗೆ ಬಂದವರು ಕುರ್ಚಿ ಎಳೆದು ಕೂತ ಮೇಲೆ ಮೊದಲು ನೋಡುವುದು ನನ್ನ ಮುಖವನ್ನಲ್ಲ, ಮೇಜಿನ ಮೇಲಿರುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಸೋಪಿನ ಡಬ್ಬಿಯನ್ನು. ಮುಚ್ಚಳದ ಒಂದು ಮೂಲೆ ಒಡೆದಿದೆ. ಪಕ್ಕದಲ್ಲಿ ಕಾದ ಮೊಳೆಯಿಂದ ಸುಟ್ಟು ಮಾಡಿದ ಒಂದು ತೂತು. ಆ ತೂತಿನಿಂದ ಕೆಂಪು, ಕಪ್ಪು ಎರಡು ತಂತಿಗಳು ಇಲಿಯ ಬಾಲದ ಹಾಗೆ ಇಳಿಬಿದ್ದಿವೆ. ಕೆಳಗೆ ತಂತ್ರಜ್ಞಾನ ಕಂಪನಿ ಎಂಬ ಬೋರ್ಡು ಓದಿಕೊಂಡು ಮೆಟ್ಟಿಲು ಹತ್ತಿ ಬಂದವರಿಗೆ, ಇವರ ಬಚ್ಚಲುಮನೆಯೂ ಇಲ್ಲೇ ಇದೆಯೇನೋ ಎಂಬ ಅನುಮಾನ ಬಂದರೆ ತಪ್ಪಲ್ಲ. ಒಮ್ಮೆ ಅದು ಕಸದ ಬುಟ್ಟಿಗೂ ಹೋಗಿ ಬಂದಿದೆ. ಅವತ್ತು ಇಡೀ ಕಚೇರಿ ಕೆಲಸ ಬಿಟ್ಟು ಬೀದಿಯ ತೊಟ್ಟಿಯವರೆಗೂ ಹೋಗಿ ಹುಡುಕಿತ್ತು.

"ಅದೇನು ಮೇಡಂ?" ಎಂದು ಎಲ್ಲರೂ ಕೇಳುತ್ತಾರೆ. ಉತ್ತರ, ಕೇಳುವವರು ಯಾರೆಂಬುದರ ಮೇಲೆ ಇರುತ್ತದೆ. ಬ್ಯಾಂಕಿನವರಾದರೆ, "ನಮ್ಮ ಮೊದಲನೇ ಮಾಡೆಲ್ ಸರ್" ಎಂದು ಗಂಭೀರವಾಗಿ ಹೇಳುತ್ತೇನೆ. ನೆಂಟರಾದರೆ, "ಹಳೇದು, ಬಿಸಾಡೋಕೆ ಮನಸ್ಸಿಲ್ಲ" ಎನ್ನುತ್ತೇನೆ. ನೀವು ಬಿಡುವಾಗಿ ಕೂತಿರುವ ಹಾಗೆ ಕಾಣುತ್ತೀರಿ, ಆದ್ದರಿಂದ ನಿಮಗೆ ಪೂರ್ತಿ ಹೇಳುತ್ತೇನೆ.

ನಮ್ಮ ತಂದೆಯ ಅಕ್ಕ ಮುನಿರತ್ನಮ್ಮ. ನನಗೆ ಅತ್ತೆ. ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರದಲ್ಲಿ ಕೆರೆಯ ಕೆಳಗೆ ಅವರ ಹಿಪ್ಪುನೇರಳೆ ತೋಟ. ಮುಳಬಾಗಿಲು ಪೇಟೆಯಲ್ಲಿ ಬೆಳೆದ ನಾನು ಬೇಸಿಗೆ ರಜೆ, ದಸರಾ ರಜೆ ಎಲ್ಲವನ್ನೂ ಕಳೆದದ್ದು ಅಲ್ಲೇ. ಆ ಮನೆಯಲ್ಲಿ ಮಾಲೀಕರು ರೇಷ್ಮೆ ಹುಳಗಳು, ಮನುಷ್ಯರು ಬಾಡಿಗೆಗೆ ಇದ್ದ ಹಾಗೆ. ನಡುಮನೆ ಪೂರ್ತಿ ಹುಳದ ತಟ್ಟೆಗಳಿಗೆ ಬಿಟ್ಟುಕೊಟ್ಟು ನಾವು ಅಡುಗೆಮನೆಯ ಮೂಲೆಯಲ್ಲೋ ಜಗಲಿಯಲ್ಲೋ ಹೊಂದಿಕೊಳ್ಳಬೇಕು. ಹುಳ ಸಾಕುವಷ್ಟು ದಿನ ಊದುಬತ್ತಿ ಇಲ್ಲ, ಘಾಟಿನ ಒಗ್ಗರಣೆ ಇಲ್ಲ. ನಾರಾಯಣಪ್ಪ ಮಾವ, ಎಂದರೆ ಅತ್ತೆಯ ಗಂಡ, ಬೀಡಿ ಸೇದಬೇಕಾದರೆ ಕೆರೆ ಏರಿಯವರೆಗೆ ನಡೆದು ಹೋಗಿ, ಬಾಯಿ ತೊಳೆದುಕೊಂಡು, ಅಂಗಿ ಕಳಚಿ ಒಳಗೆ ಬರಬೇಕು. ದೇವರಿಗೂ ಇಷ್ಟು ಮಡಿ ಇರಲಿಲ್ಲ.

ಇದೆಲ್ಲ ಗೊತ್ತಿದ್ದೂ ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಮುಖಕ್ಕೆ, ಕುತ್ತಿಗೆಗೆ ಧಾರಾಳವಾಗಿ ಪೌಡರು ಬಳಿದುಕೊಂಡು ಠೀವಿಯಿಂದ ನಡುಮನೆಗೆ ಕಾಲಿಟ್ಟಿದ್ದೆ. ಅತ್ತೆ ಎಲ್ಲಿದ್ದರೋ, ಬಂದವರೇ ಜಡೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ ತಲೆಯ ಮೇಲೆ ಮೂರು ಬಿಂದಿಗೆ ನೀರು ಸುರಿದರು. "ಹುಳಕ್ಕೆ ವಾಸನೆ ಆಗಲ್ಲ ಅಂತ ನೂರು ಸಲ ಬಡ್ಕೊಂಡಿಲ್ವೇನೇ? ಯಾರ ಮದುವೆಗೆ ಹೊರಟಿದ್ದೀಯ?" ಈ ಮೂರು ಬಿಂದಿಗೆ ನೀರನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಮಧ್ಯಾಹ್ನ ಊಟವಾದ ಮೇಲೆ ನಡುಮನೆಯ ಹೊಸ್ತಿಲ ಪಕ್ಕ ಚಾಪೆ ಹಾಕಿಕೊಂಡು ಮಲಗಿದರೆ ಸಣ್ಣಗೆ ಮಳೆ ಸುರಿಯುವ ಸದ್ದು. ಮೊದಲ ವರ್ಷ ನಾನು ಧಡಕ್ಕನೆ ಎದ್ದು ಕೂತಿದ್ದೆ. "ಅತ್ತೆ, ಮಳೆ ಬರ್ತಾ ಐತೆ, ಬಟ್ಟೆ ಹೊರಗೈತೆ!"

"ಈ ಸೀಮೇಲಿ ಕೇಳಿದಾಗೆಲ್ಲ ಮಳೆ ಬಂದ್ಬಿಡ್ತದಾ? ಹುಳ ಉಣ್ತಾ ಅವೆ ಕಣೇ. ಮಲ್ಕೋ."

ಸಾವಿರಾರು ಹುಳ ಒಟ್ಟಿಗೆ ಸೊಪ್ಪು ಕಡಿಯುವಾಗ ಆಗುವ ಸದ್ದು ಅದು. ಕೋಲಾರ ಸೀಮೆಯ ನಮಗೆ ನಿಜವಾದ ಮಳೆಗಿಂತ ಈ ಮಳೆಯೇ ಹೆಚ್ಚು ಬಳಕೆ. ನನಗೆ ಈಗಲೂ ಅಷ್ಟು ಒಳ್ಳೆಯ ನಿದ್ದೆ ಬೇರೆಲ್ಲೂ ಬಂದಿಲ್ಲ.

ಆ ಸದ್ದು ಇದ್ದಕ್ಕಿದ್ದ ಹಾಗೆ ನಿಂತುಹೋಗುವ ದಿನಗಳಿರುತ್ತವೆ. ರೇಷ್ಮೆ ಹುಳ ದೊಡ್ಡದಾಗುತ್ತ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಉಣ್ಣುವುದಿಲ್ಲ, ಕದಲುವುದಿಲ್ಲ, ತಲೆ ಎತ್ತಿ ಧ್ಯಾನಕ್ಕೆ ಕೂತ ಹಾಗೆ ಕೂತುಬಿಡುತ್ತದೆ. ನಮ್ಮ ಕಡೆ ಇದಕ್ಕೆ ಜ್ವರ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಬೆಳೆ ಗೆಲ್ಲುವುದು, ಸೋಲುವುದು ಈ ಜ್ವರ ಬಿಡುವ ಗಳಿಗೆಯಲ್ಲಿ. ನಾಲ್ಕು ಹುಳ ಎದ್ದವೆಂದು ಅವಸರಪಟ್ಟು ಸೊಪ್ಪು ಹಾಕಿದರೆ ಎದ್ದವು ಉಂಡು ದಪ್ಪವಾಗುತ್ತವೆ, ಏಳದವು ಸೊಪ್ಪಿನ ಅಡಿಯಲ್ಲಿ ಸೊರಗುತ್ತವೆ. ಆಮೇಲೆ ಒಂದೇ ತಟ್ಟೆಯಲ್ಲಿ ಅಣ್ಣನ ಹುಳ, ತಮ್ಮನ ಹುಳ. ಗೂಡು ಕಟ್ಟುವ ಹೊತ್ತಿಗೆ ಅರ್ಧ ಬೆಳೆ ಕೈಬಿಟ್ಟಿರುತ್ತದೆ.

ಮೇಲಿನ ಹುಳ ನೋಡಿ ಅಡಿಯ ಹುಳದ ಕಥೆ ಹೇಳಲು ಯಾವ ಕಣ್ಣಿಗೂ ಆಗುವುದಿಲ್ಲ. ಅತ್ತೆಯದು ಬೇರೆಯದೇ ಕ್ರಮ. ಜ್ವರ ಬಿಡುವ ದಿನ ನಡುಮನೆಯ ನಾಲ್ಕು ಮೂಲೆಯ ತಟ್ಟೆಗಳಿಗೆ ಒಂದೊಂದು ಹಿಡಿ ಎಳೆ ಸೊಪ್ಪು ಇಡುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಕರೆಯೋ ಸೊಪ್ಪು. ಇಟ್ಟು, ಕಣ್ಣು ಮುಚ್ಚಿ, ಪ್ರತಿ ಮೂಲೆಗೂ ಕಿವಿ ಕೊಟ್ಟು ಕೂರುವುದು. ಎದ್ದ ಹುಳ ಅಡಿಯಿಂದ ಹತ್ತಿ ಬಂದು ಕಡಿಯಲು ಶುರು ಮಾಡುತ್ತದೆ. ನಾಲ್ಕೂ ಮೂಲೆಯ ಸದ್ದು ಒಂದೇ ಸಮ ಆಗುವವರೆಗೆ ಸೊಪ್ಪಿನ ಮೂಟೆ ಬಿಚ್ಚುವ ಹಾಗಿಲ್ಲ. ಸುತ್ತಲ ಊರಿನವರು ಕೂಡ, "ಮುನಿರತ್ನಮ್ಮ ಸೊಪ್ಪು ಹಾಕಿದ್ಲಾ?" ಎಂದು ಕೇಳಿಕೊಂಡು ತಮ್ಮ ಹುಳಕ್ಕೆ ಹಾಕುತ್ತಿದ್ದರು.

ಆ ಕಿವಿ ಕೆಟ್ಟಿತು. ಅದೇ ಈ ಕಥೆ.

ಆಗ ನಾನು ಕೋಲಾರದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದೆ. ಹದಿನಾಲ್ಕು ವರ್ಷ ಬೋರ್ಡಿನ ಮೇಲೆ ಆಂಪ್ಲಿಫಯರ್ ಬರೆದಿದ್ದೆ. ನನ್ನ ಕೈಯಾರೆ ಮಾಡಿದ ಒಂದು ಆಂಪ್ಲಿಫಯರಾದರೂ ಸದ್ದು ಮಾಡಿದ್ದು ನೆನಪಿಲ್ಲ. ಒಂದು ಭಾನುವಾರ ಅತ್ತೆಯ ಮನೆಗೆ ಹೋದೆ. ಈಗ ಹುಳಕ್ಕೆ ತೋಟದಲ್ಲೇ ಬೇರೆ ಮನೆ ಇದೆ. ತಟ್ಟೆಯ ಬದಲು ಮೂರಂತಸ್ತಿನ ಅಟ್ಟಣೆ, ಎಲೆಯ ಬದಲು ಕೊಂಬೆ ಸಮೇತ ಸೊಪ್ಪು. ಅತ್ತೆ ಅಟ್ಟಣೆಯ ಮೂಲೆಯಲ್ಲಿ ಸೊಪ್ಪಿಗೆ ಕೆನ್ನೆ ತಾಗಿಸಿ ಕೂತಿದ್ದರು. "ಅತ್ತೆ" ಎಂದೆ. ತಿರುಗಲಿಲ್ಲ. ಮತ್ತೆ ಎರಡು ಸಲ ಕರೆದೆ. ಹೆಗಲು ಮುಟ್ಟಿದಾಗ ಬೆಚ್ಚಿಬಿದ್ದು ತಿರುಗಿದರು. ಕಣ್ಣಲ್ಲಿ ನೀರಿತ್ತು.

"ನಾಕು ಏಮೀ ವಿನಪಡ್ಲೇದು" ಎಂದರು. ನಮ್ಮ ಮನೆಗಳಲ್ಲಿ ದುಃಖ, ಸಿಟ್ಟು ಎರಡೂ ತೆಲುಗಿನಲ್ಲೇ ಬರುವುದು. "ಏನೂ ಕೇಳ್ತಿಲ್ಲ ಕಣೇ ಸುಜಿ. ಎರಡು ಬೆಳೆ ಆಯ್ತು. ಮುಂಚೆನೇ ಸೊಪ್ಪು ಹಾಕಿ ಕೆಡಿಸ್ದೆ. ಯಾರಿಗೂ ಹೇಳಿಲ್ಲ."

ಕೋಲಾರಕ್ಕೆ ಕರೆದುಕೊಂಡು ಹೋಗಿ ಕಿವಿಗೆ ಮೆಷಿನ್ ಹಾಕಿಸಿದೆವು. ಅದರಲ್ಲಿ ಮಿಕ್ಸಿ ಕೇಳುತ್ತಿತ್ತು, ಹೆದ್ದಾರಿಯ ಹಾರ್ನ್ ಕೇಳುತ್ತಿತ್ತು, ಮಾವನ ಗೊಣಗಾಟ ಸ್ಪಷ್ಟವಾಗಿ ಕೇಳುತ್ತಿತ್ತು, ಹುಳ ಮಾತ್ರ ಕೇಳಲಿಲ್ಲ. ಒಂದು ವಾರ ನೋಡಿ ಅತ್ತೆ ಅದನ್ನು ಅಕ್ಕಿ ಡಬ್ಬಕ್ಕೆ ಹಾಕಿಟ್ಟರು. ಎದುರಿಗೆ ನಿಂತು ಗಟ್ಟಿಯಾಗಿ ಮಾತಾಡಿದರೆ ಅವರಿಗೆ ಕೇಳುತ್ತದೆ, ಅಷ್ಟು ಸಾಕಂತೆ.

ಮಾವ ಕೆಟ್ಟವರಲ್ಲ. ಹೆಂಡತಿ ಊರವರ ಮುಂದೆ ತಲೆ ತಗ್ಗಿಸುವುದನ್ನು ನೋಡಲಾಗದೆ ಒಂದು ನಿರ್ಧಾರ ಮಾಡಿದರು. ಮರಮುಟ್ಟಿಗೆ ಬೆಳೆಯುವ ಹೆಬ್ಬೇವಿನ ಸಸಿಗಳನ್ನು ತಂದು ಬಾವಿಯ ಪಕ್ಕ ಸಾಲಾಗಿ ಇಟ್ಟರು. "ಇನ್ನು ಮೂರು ಬೆಳೆ. ಆಮೇಲೆ ಹಿಪ್ಪುನೇರಳೆ ಕಿತ್ತಾಕಿ ಇದನ್ನ ನೆಡ್ತೀನಿ. ಇದಕ್ಕೆ ಜ್ವರ ಬರಲ್ಲ, ಎದ್ವಾ ಅಂತ ಕಾಯೋದೂ ಬೇಡ" ಎಂದರು. ಅತ್ತೆ ಎದುರಾಡಲಿಲ್ಲ. ಯಾವ ವಿಷಯಕ್ಕೂ ಎದುರಾಡದೆ ಇದ್ದವರಲ್ಲ ಅವರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಒಂದೇ ಯೋಚನೆ. ಅತ್ತೆಯ ಕಿವಿಯನ್ನು ಹುಳದ ಹತ್ತಿರ ಒಯ್ಯಲು ಆಗದಿದ್ದರೆ ಸೊಪ್ಪಿನ ಮೇಲೆ ಇನ್ನೊಂದು ಕಿವಿ ಇಡಬಾರದೇಕೆ? ಮುಳಬಾಗಿಲು ಬಸ್ ನಿಲ್ದಾಣದ ಎದುರು ಸಾದಿಕ್‌ನ ಮೊಬೈಲ್ ರಿಪೇರಿ ಅಂಗಡಿ. ಅವನು ನನ್ನ ಹಳೆಯ ವಿದ್ಯಾರ್ಥಿ, ಅದೂ ನನ್ನ ವಿಷಯದಲ್ಲೇ ಎರಡು ಸಲ ಫೇಲಾದವನು. ಬಸ್ ಇಳಿದು ಅರ್ಧ ಗಂಟೆ ಅವನಿಗೆ ಸದ್ದು, ಕಂಪನ, ಸೂಕ್ಷ್ಮಗ್ರಾಹಿತ್ವ ಎಂದೆಲ್ಲ ವಿವರಿಸಿದೆ. ಅವನು ತಲೆ ತಗ್ಗಿಸಿ ಏನೋ ಬೆಸುಗೆ ಹಾಕುತ್ತಿದ್ದ. ನನ್ನ ಪಾಠ ಮುಗಿಯುವ ಹೊತ್ತಿಗೆ ಸತ್ತ ಫೋನಿನ ಮೈಕನ್ನು ಕಿತ್ತು ತಂತಿ ಹಚ್ಚಿ ನನ್ನ ಮುಂದೆ ಇಟ್ಟ.

"ಇದೇ ತಾನೆ ಮೇಡಂ ನೀವು ಹೇಳ್ತಿರೋದು?"

ಇದೇ. ಅವತ್ತೇ ನನಗೆ ಗೊತ್ತಾಗಿದ್ದು, ಪರೀಕ್ಷೆಯಲ್ಲಿ ಫೇಲಾಗಿದ್ದವರು ಯಾರೆಂದು.

ಹುಳ ಉಣ್ಣುವ ಸದ್ದನ್ನು ದಿನಗಟ್ಟಲೆ ರೆಕಾರ್ಡ್ ಮಾಡಿ, ಉಣ್ಣುವುದು ಯಾವುದು, ಹರಿದಾಡುವುದು ಯಾವುದು, ಸುಮ್ಮನಿರುವುದು ಯಾವುದು ಎಂದು ಬೇರೆ ಮಾಡುವ ಪ್ರೋಗ್ರಾಮ್ ಬರೆದವಳು ನಾನು. ಇಷ್ಟು ಜಂಬ ಕೊಚ್ಚಿಕೊಳ್ಳಲು ಬಿಡಿ, ಮುಂದಿನದೆಲ್ಲ ಬರೀ ಅವಮಾನ. ಮೈಕು, ಬ್ಯಾಟರಿ ಎಲ್ಲ ಇಡಲು ಒಂದು ಡಬ್ಬಿ ಬೇಕಿತ್ತು. ಹಾಸ್ಟೆಲ್ ಕಾಲದ ನನ್ನ ಗುಲಾಬಿ ಸೋಪಿನ ಡಬ್ಬಿ ಅಳತೆಗೆ ಸರಿಯಾಗಿತ್ತು.

ಮೂರು ಬೆಳೆಗಳಲ್ಲಿ ಮೊದಲನೆಯದು. ಮೂರನೇ ಜ್ವರ ಬಿಡುವ ದಿನ. ಅತ್ತೆ ಅಟ್ಟಣೆಯ ನಾಲ್ಕು ಮೂಲೆಗೆ ಕರೆಯೋ ಸೊಪ್ಪು ಇಟ್ಟರು. ನಾನು ಒಂದು ಮೂಲೆಯ ಸೊಪ್ಪಿನ ಪಕ್ಕ ಡಬ್ಬಿ ಇಟ್ಟು ಮೊಬೈಲು ಹಿಡಿದು ವಿಜ್ಞಾನಿಯ ಭಂಗಿಯಲ್ಲಿ ನಿಂತೆ. ಒಂದು ಗಂಟೆಯಾಯಿತು, ಎರಡಾಯಿತು. ಪರದೆಯ ಮೇಲೆ ಗೆರೆ ಅಲುಗಲಿಲ್ಲ. "ಇನ್ನೂ ಜ್ವರದಲ್ಲಿವೆ ಅತ್ತೆ, ಸೊಪ್ಪು ಹಾಕಬೇಡಿ" ಎಂದು ಗಟ್ಟಿಯಾಗಿ ಘೋಷಿಸಿದೆ. ಅತ್ತೆ ಉಳಿದ ಮೂರು ಮೂಲೆಗೆ ಹೋಗಿ ಬಗ್ಗಿ ನೋಡಿದರು. ಅಲ್ಲಿ ಬರೀ ಕಡ್ಡಿ ಉಳಿದಿತ್ತು. ನನ್ನ ಮೂಲೆಯ ಸೊಪ್ಪು ಮಾತ್ರ ಕಿತ್ತು ತಂದ ಹಾಗೇ ಇತ್ತು.

"ಹುಳಕ್ಕಲ್ಲ ಕಣೇ, ನಿನ್ನ ಡಬ್ಬಿಗೆ ಜ್ವರ ಬಂದೈತೆ" ಎಂದು ಅದನ್ನೆತ್ತಿ ಮೂಗಿನ ಹತ್ತಿರ ಹಿಡಿದರು. ಮುಖ ಹಿಂಡಿದರು. "ಗಂಧದ ಸೋಪು."

"ಚೆನ್ನಾಗಿ ತೊಳ್ದಿದ್ದೆ ಅತ್ತೆ!"

"ಯಾತರಲ್ಲಿ ತೊಳೆದೆ?"

ನಾನು ಮೊಬೈಲು ಕೆಳಗಿಟ್ಟೆ. "ಸೋಪಲ್ಲಿ" ಎಂದೆ.

ಸಾದಿಕ್ ಹೊರಗೆ ಹೋಗಿ ನಕ್ಕ. ಒಳಗೇ ನಕ್ಕಿದ್ದರೆ ವಾಸಿಯಿತ್ತು. ಮೂರು ಬಿಂದಿಗೆ ನೀರು ತಲೆಯ ಮೇಲೆ ಬಿದ್ದ ಹುಡುಗಿ, ರೇಷ್ಮೆ ಹುಳದ ಮನೆಯಲ್ಲೇ ಬೆಳೆದವಳು, ಹುಳದ ಪಕ್ಕಕ್ಕೆ ಸೋಪಿನ ಡಬ್ಬಿ ತಂದಿಟ್ಟಿದ್ದೆ. ಬೇರೆ ಊರಿನ ಎಂಜಿನಿಯರು ಮಾಡಿದ್ದರೆ ಕ್ಷಮಿಸಬಹುದಿತ್ತು. ಹೊರಗಿನವನಾಗಿದ್ದರೆ ಡಬ್ಬಿ ಇಡುವ ಮೊದಲು ಅತ್ತೆಯನ್ನು ಒಂದು ಮಾತು ಕೇಳಿರುತ್ತಿದ್ದ. ನನಗೆ ಎಲ್ಲ ಗೊತ್ತಲ್ಲ!

ನಾವು ಪರದಾಡಿದ ಆ ಎರಡು ಗಂಟೆಯಲ್ಲಿ ಹುಳ ಹಸಿದು ಆ ಬೆಳೆ ಅಷ್ಟಕ್ಕಷ್ಟೇ ಆಯಿತು. ಉಳಿದಿದ್ದು ಎರಡು.

ಹೊಸ ಪ್ಲಾಸ್ಟಿಕ್ಕಿಗೂ ವಾಸನೆ, ಬಣ್ಣ ಬಳಿದ ತಗಡಿಗೂ ವಾಸನೆ. ದಾರಿ ತೋರಿಸಿದ್ದು ಸಾದಿಕ್‌ನ ಅತ್ತೆಮನೆ. ಅವನ ಮಾವ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. "ಮಣ್ಣಲ್ಲಿ ಮಾಡೋಣ ಮೇಡಂ. ಸುಟ್ಟ ಮಣ್ಣಿಗೆ ಏನು ವಾಸನೆ?" ಎಂದ ಸಾದಿಕ್. ಹೆಂಚಿನ ಮಣ್ಣಿನಲ್ಲಿ ಅಂಗೈಯಗಲದ ಡಬ್ಬಿ ಮಾಡಿ ಭಟ್ಟಿಗೆ ಹಾಕಿದೆವು. ಮೊದಲಿನವು ಸೀಳು ಬಿಟ್ಟವು, ಆಮೇಲಿನವು ಸೊಟ್ಟಗಾದವು, ಅದರಾಚೆಯವು ನಿಂತವು. ನಮ್ಮ ಕಚೇರಿ ಇವತ್ತಿಗೂ ಮಾಲೂರಿನಲ್ಲಿ, ಹೆಂಚಿನ ಕಾರ್ಖಾನೆಯ ಮಹಡಿಯ ಮೇಲೆ ಇರುವುದು ಇದೇ ಕಾರಣಕ್ಕೆ. ಮೇಲೆ ಪ್ರೋಗ್ರಾಮ್, ಕೆಳಗೆ ಭಟ್ಟಿ.

ಆ ಮಣ್ಣಿನ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಬೆಂಗಳೂರಿಗೂ ಹೋದೆ. ಹೊಸ ಕಂಪನಿಗಳಿಗೆ ಬಂಡವಾಳ ಹೂಡುವವರ ಮುಂದೆ ಐದು ನಿಮಿಷ ಮಾತಾಡುವ ಅವಕಾಶ ಸಿಕ್ಕಿತ್ತು. ಗಾಜಿನ ಗೋಡೆಯ ಕೋಣೆ, ಸ್ವೆಟರ್ ಬೇಕಾಗುವಷ್ಟು ಎ.ಸಿ. ಒಬ್ಬರು ಡಬ್ಬಿಯನ್ನು ತಿರುಗಿಸಿ ನೋಡಿ, ಇದು ಕರಕುಶಲ ವಿಭಾಗವೇ ಎಂದು ವಿಚಾರಿಸಿದರು. ಇನ್ನೊಬ್ಬರು, "ಮಾರುಕಟ್ಟೆಯಲ್ಲಿ ನಿಮ್ಮ ಪ್ರತಿಸ್ಪರ್ಧಿ ಯಾರು?" ಎಂದು ಕೇಳಿದರು.

"ನಮ್ಮ ಅತ್ತೆ" ಎಂದೆ.

ಕೋಣೆಯೆಲ್ಲ ನಕ್ಕಿತು. ನಾನು ತಮಾಷೆಗೆ ಹೇಳಿದ್ದಲ್ಲ. ಅವರ ಕಿವಿ ಚೆನ್ನಾಗಿದ್ದ ಕಾಲದಲ್ಲಿ ಏನು ಕೇಳುತ್ತಿತ್ತೋ ಅದನ್ನು ಮೀರಿಸುವುದಿರಲಿ, ಸಮ ಬಂದರೆ ನಮ್ಮ ಜನ್ಮ ಸಾರ್ಥಕ. ನಗು ಮುಗಿದ ಮೇಲೆ ಅವರು ಒಳ್ಳೆಯದಾಗಲಿ ಎಂದು ಹಾರೈಸಿ ಕಳಿಸಿದರು. ಹಾರೈಕೆ ಬಿಟ್ಟು ಬೇರೇನೂ ಸಿಗಲಿಲ್ಲ.

ಇಂಥ ಹೊತ್ತಿನಲ್ಲಿ ಬುದ್ಧಿ ಇರುವವರು ಸುಮ್ಮನಾಗುತ್ತಾರೆ. ನಾನು ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಪ್ರಿನ್ಸಿಪಾಲರು ಕಾರಣ ಕೇಳಿದರು. "ಹುಳ ಉಣ್ಣೋ ಸದ್ದು ಕೇಳೋಕೆ ಹೋಗ್ತಿದ್ದೀನಿ ಸರ್" ಎಂದೆ. ಅವರು ಬಹಳ ಮರುಕದಿಂದ, ರಾಜೀನಾಮೆ ಬೇಡ, ಕಾಯಿಲೆ ರಜೆ ತೆಗೆದುಕೊಳ್ಳಮ್ಮ ಎಂದರು.

ಎರಡನೇ ಬೆಳೆಗೆ ಮಣ್ಣಿನ ಡಬ್ಬಿ ತಯಾರಾಗಿತ್ತು. ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಮೈಕು, ಎಲ್ಲದರ ತಂತಿ ಬಂದು ಸೇರುವುದು ಬಾಗಿಲ ಪಕ್ಕದ ಡಬ್ಬಿಗೆ. ಅತ್ತೆ ಮೂಸಿ ನೋಡಿ ತಲೆಯಾಡಿಸಿದರು. ಹುಳಗಳೂ ಆಕ್ಷೇಪಿಸಲಿಲ್ಲ. ಸಾದಿಕ್ ಸಂಭ್ರಮದಿಂದ, "ಹುಳ ಎಲ್ಲಾ ಎದ್ರೆ ಹಿಂಗೆ ಹೇಳುತ್ತೆ ನೋಡಿ ಅಮ್ಮಾ" ಎಂದು ಗುಂಡಿ ಒತ್ತಿದ. ಡಬ್ಬಿ ಬೀಪ್ ಬೀಪ್ ಎಂದು ಕೂಗಿತು.

ಅತ್ತೆ ನಮ್ಮಿಬ್ಬರ ಮುಖವನ್ನು ಒಂದಾದ ಮೇಲೊಂದು ನೋಡಿದರು. ಆಮೇಲೆ ಸಾವಧಾನವಾಗಿ, "ಹ್ಞೂಂ, ತೋರ್ಸಪ್ಪಾ. ಯಾವಾಗ ಶುರು ಮಾಡ್ತೀಯ?" ಎಂದರು.

ಕಿವಿ ಕೇಳದವರಿಗಾಗಿ ತಿಂಗಳುಗಟ್ಟಲೆ ಕೂತು ಕೂಗುವ ಡಬ್ಬಿ ಮಾಡಿದ್ದೆವು! ಭೂಮಿ ಬಾಯಿ ಬಿಡಬಾರದೇ ಎನಿಸಿತು. ದೀಪ ಹಾಕೋಣ, ಹಸಿರು, ಕೆಂಪು ಎಂದೆ. ಅತ್ತೆ ಒಪ್ಪಲಿಲ್ಲ. "ದೀಪ ಹತ್ತಿತು, ಸೊಪ್ಪು ಹಾಕು ಅಂತ ನಂಗೆ ಅದು ಹೇಳೋದಾ? ಹುಳ ಏನಂತೈತೆ ಅಂತ ನಂಗೆ ಗೊತ್ತಾಗ್ಬೇಕು. ಹಾಕೋದು ಬಿಡೋದು ನಾನು ನೋಡ್ಕೊಂತೀನಿ." ಆ ಮಾತನ್ನು ನಾನು ಕಚೇರಿಯ ಗೋಡೆಯ ಮೇಲೆ ಬರೆಸಿಲ್ಲ, ಆದರೆ ನಮ್ಮ ಕಂಪನಿ ನಿಂತಿರುವುದು ಅದರ ಮೇಲೆಯೇ. ಸಾದಿಕ್ ಯೋಚಿಸಿದ. ಅಂಗಡಿಯಿಂದ, ಫೋನು ಗುರ್ ಎಂದು ನಡುಗಲು ಹಾಕಿರುತ್ತಾರಲ್ಲ, ಆ ಸಣ್ಣ ಮೋಟಾರುಗಳನ್ನು ತಂದ. ಡಬ್ಬಿಯ ನಾಲ್ಕು ಮೂಲೆಗೆ ನಾಲ್ಕು. ಅಟ್ಟಣೆಯ ಯಾವ ಮೂಲೆಯಲ್ಲಿ ಹುಳ ಎಷ್ಟು ಕಡಿಯುತ್ತದೋ ಡಬ್ಬಿಯ ಆ ಮೂಲೆ ಅಷ್ಟು ನಡುಗಬೇಕು. ಮಣ್ಣಿನ ಡಬ್ಬಿಯ ಮೇಲೆ ಅಂಗೈ ಇಟ್ಟರೆ ಇಡೀ ಅಟ್ಟಣೆ ಕೈಗೆ ಸಿಗಬೇಕು.

ಇದನ್ನು ಹೊಂದಿಸುವಷ್ಟರಲ್ಲಿ ಎರಡನೇ ಬೆಳೆ ಮುಗಿದೇಹೋಗಿತ್ತು. ಮಾವ ಸಸಿಗಳಿಗೆ ನೀರು ಹಾಕುತ್ತಿದ್ದರು. ಅವು ಮೊಣಕಾಲೆತ್ತರ ಬಂದಿದ್ದವು.

ನಡುವೆ ಸಿಕ್ಕ ದಿನಗಳಲ್ಲಿ ಬೇರೆ ಊರುಗಳಲ್ಲಿ ಪರೀಕ್ಷೆ ಮಾಡಿದೆವು. ನಂಗಲಿಯಲ್ಲಿ ಹೆದ್ದಾರಿ ಪಕ್ಕದ ಒಂದು ಹುಳದ ಮನೆ. ಅಲ್ಲಿ ಡಬ್ಬಿ ಹುಚ್ಚು ಹಿಡಿದ ಹಾಗೆ ನಡುಗಿತು. ಹುಳಗಳು ಗಾಢವಾದ ಜ್ವರದಲ್ಲಿದ್ದವು, ಡಬ್ಬಿ ಕೇಳಿಸಿಕೊಳ್ಳುತ್ತಿದ್ದುದು ಆಂಧ್ರಕ್ಕೆ ಹೋಗುವ ಲಾರಿಗಳನ್ನು. ಶ್ರೀನಿವಾಸಪುರದ ಹತ್ತಿರ ಮಾವಿನ ತೋಪಿನ ಪಕ್ಕದ ಇನ್ನೊಂದು ಮನೆಗೆ ಹೋದರೆ, ವರ್ಷವಿಡೀ ಮುಖ ತೋರಿಸದ ಮಳೆ ಅವತ್ತೇ ಬಂದು ತಗಡಿನ ಸೂರಿನ ಮೇಲೆ ಕುಣಿಯಿತು. ಮಳೆಗೂ ಹುಳಕ್ಕೂ ವ್ಯತ್ಯಾಸ ತಿಳಿಯದೆ ಚಾಪೆಯಿಂದ ಎದ್ದು ಕೂತ ಹುಡುಗಿಯ ಬುದ್ಧಿಯೇ ಅವಳು ಮಾಡಿದ ಯಂತ್ರಕ್ಕೂ ಬಂದಿತ್ತು. ಕೋಲಾರ ಜಿಲ್ಲೆಯಲ್ಲಿ ಮಳೆ ಬಂತೆಂದು ಅತ್ತವರು ನಾವಿಬ್ಬರೇ ಇರಬೇಕು. ಕೊನೆಗೆ ಹುಳದ ಮನೆಯ ಹೊರಗೂ ಒಂದು ಮೈಕು ಕಟ್ಟಿದೆವು. ಹೊರಗಿನ ಕಿವಿ ಕೇಳಿದ್ದನ್ನು ಒಳಗಿನ ಕಿವಿ ಕೇಳಿದ್ದರಿಂದ ಕಳೆದರೆ ಉಳಿಯುವುದು ಹುಳ. ಇಷ್ಟು ಸುಲಭದ ಮಾತು ಹೊಳೆಯಲು ಹದಿನೈದು ದಿನ ಬೇಕಾಯಿತು.

ಮೂರನೇ ಬೆಳೆ. ಕೊನೆಯದು. ನಾಲ್ಕನೇ ಜ್ವರ.

ಅವತ್ತು ಬೆಳಗಿನಿಂದ ಮೋಡ, ಚಳಿಗಾಳಿ. ದಿನದ ಲೆಕ್ಕಕ್ಕೆ ಹುಳ ಏಳಬೇಕಾದ ಹೊತ್ತು ದಾಟಿತ್ತು. ಊರಿನಲ್ಲಿ ಬಹಳ ಜನ ಸೊಪ್ಪು ಹಾಕಿಯಾಗಿತ್ತು. ಈಗ ಯಾರೂ ಮುನಿರತ್ನಮ್ಮನನ್ನು ಕೇಳಿಕೊಂಡು ಬರುತ್ತಿರಲಿಲ್ಲ. ಅತ್ತೆ ಕರೆಯೋ ಸೊಪ್ಪು ಇಟ್ಟು, ಬಾಗಿಲ ಪಕ್ಕ ಮಣೆ ಹಾಕಿಕೊಂಡು, ಡಬ್ಬಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಹತ್ತು ಗಂಟೆಗೆ ಮಾವ ಸೊಪ್ಪಿನ ಹೊರೆ ಹೊತ್ತು ಬಂದರು.

"ಎದ್ದಿಲ್ಲ" ಎಂದರು ಅತ್ತೆ.

"ಕಣ್ಣಿಗೆ ಕಾಣ್ತೈತಲ್ಲೇ, ಮೇಲಿನವು ತಲೆ ಆಡಿಸ್ತಾ ಅವೆ."

"ಮೇಲಿನವು ಎದ್ದವೆ. ಅಡಿ ಇರೋವು?"

ಹನ್ನೆರಡಾಯಿತು. ಮೇಲಿನ ಹುಳಗಳು ಹಸಿದು ಅಟ್ಟಣೆಯ ಅಂಚಿಗೆ ಬರತೊಡಗಿದವು. ಮಾವ ಹೊರೆಯನ್ನು ಗೋಡೆಗೆ ಒರಗಿಸಿ ಒದ್ದೆ ಗೋಣಿ ಹೊದಿಸಿದರು. ಆಗಾಗ ಕೆರೆ ಏರಿಗೆ ಹೋಗಿ ಬಂದರು. ಅವತ್ತು ಎಷ್ಟು ಬೀಡಿ ಆಯಿತೋ. ಎರಡು ಗಂಟೆಗೆ ನನ್ನ ಧೈರ್ಯ ಮುಗಿಯಿತು. ಗುಲಾಬಿ ಡಬ್ಬಿಯ ಮೂಲೆಯಲ್ಲಿ ಮುಟ್ಟದೆ ಬಿಟ್ಟ ಸೊಪ್ಪು ಕಣ್ಣ ಮುಂದೆ ಬರುತ್ತಿತ್ತು. ಮಣ್ಣಿಗೆ ಏನಾದರೂ ತಾಗಿದೆಯೇ? ತಂತಿ ಬಿಟ್ಟಿದೆಯೇ? ಸಾದಿಕ್‌ನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ಕಂಪನಿಯ ಇಬ್ಬರು ಸ್ಥಾಪಕರಲ್ಲಿ ಒಬ್ಬರಿಗೂ ಕಂಪನಿಯ ಮೇಲೆ ನಂಬಿಕೆ ಉಳಿದಿರಲಿಲ್ಲ.

ಅತ್ತೆಯ ಎದುರು ಕುಕ್ಕರುಗಾಲಲ್ಲಿ ಕೂತು ಗಟ್ಟಿಯಾಗಿ ಹೇಳಿದೆ. "ಅತ್ತೆ, ಡಬ್ಬಿ ತಪ್ಪಿರಬಹುದು. ಸೊಪ್ಪು ಹಾಕಿಬಿಡಿ. ಮಾವ ಹೇಳಿದ ಹಾಗೇ ಆಗಲಿ."

ಅತ್ತೆ ಕಣ್ಣು ಬಿಟ್ಟರು. "ನೀನೇ ತಾನೆ ಮಾಡಿದ್ದು?"

"ಹೌದು."

"ಮೂರು ಮೂಲೇಲಿ ಸಣ್ಣಗೆ ಐತೆ. ಬಾವಿ ಕಡೆ ಮೂಲೆ ಇನ್ನೂ ಮಲಗೈತೆ. ನೀನು ಸುಮ್ನೆ ಕೂತ್ಕೋ."

ನಾನು ಸುಮ್ಮನೆ ಕೂತೆ. ನನ್ನ ಯಂತ್ರವನ್ನು ನನಗಿಂತ ಚೆನ್ನಾಗಿ ಓದುವವರು ಇದ್ದಾರೆಂದು ಗೊತ್ತಾದದ್ದು ಆ ಮಣೆಯ ಪಕ್ಕದಲ್ಲಿ. ಮೋಡ ಸರಿದು ಸ್ವಲ್ಪ ಬಿಸಿಲು ಬಂತು. ಮೂರಾಯಿತು. ನಾಲ್ಕಾಯಿತು. ನಾಲ್ಕೂವರೆಯ ಸುಮಾರಿಗೆ ಅತ್ತೆಯ ತೋರುಬೆರಳು ಅಲುಗಿತು. ಉಸಿರು ಬಿಗಿ ಹಿಡಿದರು. ಇನ್ನೊಂದು ಕೈಯನ್ನೂ ಡಬ್ಬಿಯ ಮೇಲಿಟ್ಟರು. ಮುಖವೆಲ್ಲ ಅರಳಿತು.

"ಎದ್ದವು! ಎಲ್ಲಾ ಎದ್ದವು ಕಣೇ! ಲೇ ಸಾದಿಕ್, ತಾರೋ ಸೊಪ್ಪು!"

ಮಾವ ಗೋಣಿ ಕಿತ್ತೆಸೆದು ಹೊರೆ ಬಿಚ್ಚಿದರು. ಬಾವಿ ಕಡೆಯ ಮೂಲೆಯನ್ನು ನಾನು ಬಗ್ಗಿ ನೋಡಿದೆ. ಹಳೆಯ ಕೊಂಬೆಗಳ ಅಡಿಯಿಂದ ಹೊಸ ಮೈ ತೊಟ್ಟ ಹುಳಗಳು ಒಂದರ ಹಿಂದೊಂದು ಮೇಲೇರಿ ಬರುತ್ತಿದ್ದವು. ಸಣ್ಣದು, ದೊಡ್ಡದು ಎಂಬುದಿಲ್ಲ, ಎಲ್ಲ ಒಂದೇ ಅಳತೆ. ನನಗೆ ಅಳು ತಡೆಯಲಾಗಲಿಲ್ಲ. ಸಾದಿಕ್ ನನಗೆ ಸಮಾಧಾನ ಹೇಳಲು ಬಂದು ತಾನೂ ಅತ್ತ.

ಆ ಸಲ ಊರಿನಲ್ಲಿ ಮುಕ್ಕಾಲು ಪಾಲು ಬೆಳೆ ಏರುಪೇರಾಯಿತು. ಅತ್ತೆಯ ಹುಳ ಮಾತ್ರ ಒಂದೇ ದಿನ ಬಲಿತು ಹಣ್ಣಾಗಿ, ಗೂಡು ಕಟ್ಟಲೆಂದು ಇಟ್ಟ ಬಿದಿರಿನ ಚಂದ್ರಿಕೆಯನ್ನು ಒಟ್ಟಿಗೆ ಏರಿ ಗೂಡು ಕಟ್ಟಿದವು. ಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವವರು ಹಿಡಿ ತೆಗೆದು ಕಿವಿಯ ಬಳಿ ಕುಲುಕಿ ನೋಡಿ, "ಯಾರದಪ್ಪ ಇದು?" ಎಂದು ಕೇಳಿದರಂತೆ. ಮಾವ ಎದೆಯುಬ್ಬಿಸಿ, "ನಮ್ಮ ಮನೆಯವರದು" ಎಂದರಂತೆ. ವಾಪಸ್ಸು ಬಂದವರು ಯಾರಿಗೂ ಏನೂ ಹೇಳದೆ ಗುದ್ದಲಿ ತೆಗೆದುಕೊಂಡು ಹೋಗಿ ಹೆಬ್ಬೇವಿನ ಸಸಿಗಳನ್ನೆಲ್ಲ ಬೇಲಿಗುಂಟ ನೆಟ್ಟು ಕೈ ತೊಳೆದುಕೊಂಡರು. ಹಿಪ್ಪುನೇರಳೆ ಇದ್ದಲ್ಲೇ ಉಳಿಯಿತು.

ಮುಂದಿನ ಬೆಳೆಯ ಹೊತ್ತಿಗೆ ದೇವರಾಯಸಮುದ್ರದವರು ಮಣ್ಣಿನ ಡಬ್ಬಿ ಕೇಳಿಕೊಂಡು ಸಾದಿಕ್‌ನ ಅಂಗಡಿಗೆ ಬಂದರು. ಆಮೇಲೆ ನಂಗಲಿಯವರು, ಶ್ರೀನಿವಾಸಪುರದವರು, ಮಾಲೂರಿನವರು. ಬೆಂಗಳೂರಿನ ಗಾಜಿನ ಕೋಣೆಯಿಂದಲೂ ಒಬ್ಬರು ತಾವಾಗಿಯೇ ಬಂದರು, ಪ್ರತಿಸ್ಪರ್ಧಿಯನ್ನು ನೋಡಬೇಕೆಂದರು. ಕಾರಿನಿಂದ ಇಳಿದಾಗಲೇ ಸೆಂಟಿನ ಪರಿಮಳ ಕೆರೆ ಏರಿಗೆ ಮುಟ್ಟುತ್ತಿತ್ತು. ಅತ್ತೆ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತರು.

"ಸ್ನಾನ ಮಾಡ್ಕೊಂಡು ಬಾಪ್ಪಾ. ಸೋಪು ಹಾಕ್ಬೇಡ."

ಅವರು ನನ್ನ ಮುಖ ನೋಡಿದರು. ನನ್ನ ಕೈಯಲ್ಲಿ ಏನಿದೆ? ಬೋರ್‌ವೆಲ್ ನೀರಿನಲ್ಲಿ ಸ್ನಾನ ಮಾಡಿ, ಮಾವನ ಪಂಚೆ ಉಟ್ಟು, ಹೆಗಲಿಗೆ ಟವೆಲು ಹಾಕಿಕೊಂಡು ಬಂದು ಮಣೆಯ ಮೇಲೆ ಕೂತು ಡಬ್ಬಿಯ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ಎದ್ದೇಳಲಿಲ್ಲ. ಹೋಗುವಾಗ ನಮ್ಮ ಜೊತೆ ಸೇರುತ್ತೇನೆಂದು ಹೇಳಿಯೇ ಹೋದರು. ಪಂಚೆಯಲ್ಲಿ ಕೂತು ನಮ್ಮ ಕಂಪನಿಗೆ ಕೈ ಜೋಡಿಸಿದವರು ಅವರು. ಕಂಪನಿಯ ಕಾಗದದಲ್ಲಿ ಈಗ ಮೂವರು ಸ್ಥಾಪಕರ ಹೆಸರಿದೆ. ಮೂರನೆಯದು ಮುನಿರತ್ನಮ್ಮ. ಭಟ್ಟಿಯಿಂದ ಬಂದ ಪ್ರತಿ ಕಂತಿನ ಡಬ್ಬಿಯೂ ಮೊದಲು ದೇವರಾಯಸಮುದ್ರಕ್ಕೆ ಹೋಗಬೇಕು. ಅವರು ಒಂದೊಂದನ್ನೂ ಮೂಸಿ ನೋಡಿ ಹ್ಞೂಂ ಎಂದರೆ ಮಾತ್ರ ಮಾರಾಟಕ್ಕೆ.

ಹೇಳಬೇಕಾದ ಒಂದು ಮಾತನ್ನೇ ಬಿಟ್ಟೆ ನೋಡಿ. ಆ ಮೂರನೇ ಬೆಳೆಯಲ್ಲಿ ಜ್ವರ ಬಿಟ್ಟು ಐದು ದಿನವಾಗಿತ್ತು. ಹುಳಗಳು ಜೀವಮಾನದಲ್ಲೇ ಅತಿ ಹೆಚ್ಚು ಉಣ್ಣುವ ದಿನಗಳು ಅವು. ಮಧ್ಯಾಹ್ನ ಊಟ ಮುಗಿಸಿ ಹುಳದ ಮನೆಗೆ ಹೋದೆ. ಅಟ್ಟಣೆ ತುಂಬ ಸೊಪ್ಪು, ಮನೆಯ ತುಂಬ ಅದೇ ಹಳೆಯ ಸದ್ದು. ಅತ್ತೆ ಬಾಗಿಲ ಪಕ್ಕ ಗೋಡೆಗೆ ಒರಗಿ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಎರಡೂ ಅಂಗೈ ಅದರ ಮೇಲೆ. ಸೊಪ್ಪು ಹಾಕಿಯಾಗಿತ್ತು. ಈಗ ಡಬ್ಬಿಯಿಂದ ತಿಳಿದುಕೊಳ್ಳಬೇಕಾದ್ದು ಏನೂ ಇರಲಿಲ್ಲ. ಸುಮ್ಮನೆ ಹಿಡಿದುಕೊಂಡಿದ್ದರು.

ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರು ಕಣ್ಣು ತೆರೆಯದೆ ನನ್ನ ಕೈ ಹುಡುಕಿ, ಎಳೆದು, ಡಬ್ಬಿಯ ಮೇಲೆ ತಮ್ಮ ಕೈಯ ಕೆಳಗೆ ಇಟ್ಟುಕೊಂಡರು.

"ಸುಜಿ, ಬಟ್ಟೆ ಒಳಗೆ ತಗೊಂಡು ಬಾರೇ" ಎಂದರು. "ಮಳೆ ಬರ್ತಾ ಐತೆ."